ಕೆಂಪು ನೀರಿಗೆ ಬಾಗಿಲು

ಕೊಡಿಕುರ್ವೆ ಕಡವು,
ಜೂನ್ ೩೧, ೨೧೬೮

ಗೌರವಾನ್ವಿತ ಡಾ. ಇಂದುಮತಿ ಬೆಳವಡಿಯವರಿಗೆ, ನಮ್ಮ ಮನೆಯವರೆಲ್ಲ ಕರೆಯುವಂತೆ ಹೇಳುವುದಾದರೆ ಮಣ್ಣಕ್ಕನಿಗೆ, ನೇತ್ರಾವತಿ ಸೋಮಯ್ಯ ಅಂಬಿಗ ಮಾಡುವ ನಮಸ್ಕಾರಗಳು.

ತಾರೀಕು ನೋಡಿ ನೀವು ಹುಬ್ಬೇರಿಸುತ್ತೀರೆಂದು ಗೊತ್ತು. ನಿಮ್ಮ ಕಾಲದಲ್ಲಿ ಜೂನ್ ತಿಂಗಳಿಗೆ ಮೂವತ್ತೇ ದಿನ. ಮೂವತ್ತೊಂದನೆಯದನ್ನು ನಮ್ಮ ಹಿಂದಿನವರು ಜುಲೈಯಿಂದ ಕಿತ್ತುಕೊಂಡರು. ಜುಲೈ ಏನೂ ತಕರಾರು ಮಾಡಲಿಲ್ಲ. ಈ ದಿನ ಕೋರ್ಟಿಲ್ಲ, ಕಚೇರಿಯಿಲ್ಲ, ಪೇಟೆಯಲ್ಲಿ ಅಂಗಡಿ ತೆರೆಯುವುದಿಲ್ಲ. ಇದಕ್ಕೆ ಕೇಳುದಿನ ಎಂದು ಹೆಸರು. ಜನರ ತೆರಿಗೆಯಲ್ಲಿ ಹವೆ, ನೀರು, ಕಡಲು, ಮಣ್ಣು ಇವುಗಳನ್ನು ಅಧ್ಯಯನ ಮಾಡಿದವರು, ಅದು ಯಾವ ಊರಿನ ಮೇಲಿನದೋ ಆ ಊರಿಗೇ ಬಂದು, ತಾವು ಕಂಡದ್ದನ್ನು ಬಾಯಿಬಿಟ್ಟು ಹೇಳುವ ದಿನ. ಮಳೆ ಈಗ ಜುಲೈ ನಡುವಿಗೆ ಬರುತ್ತದೆ. ಕೇಳಿಸಿಕೊಂಡ ಮೇಲೆ ಏನಾದರೂ ಮಾಡುವುದಿದ್ದರೆ ಮಾಡಿಕೊಳ್ಳಲು ಒಂದೆರಡು ವಾರ ಸಿಗಲಿ ಎಂದು ಈ ದಿನವನ್ನು ಇಲ್ಲಿ ತಂದು ಕೂರಿಸಿದ್ದಾರೆ.

ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ. ಕಡವು ಎಂದರೆ ನಿಮಗೆ ದೋಣಿ ಹತ್ತಿ ಇಳಿಯುವ ಜಾಗ. ನಮಗೂ ಅದೇ, ಆದರೆ ಈಗ ಅಲ್ಲಿ ಜನರ ಜೊತೆ ಅರಿವೂ ಇಳಿಯಬೇಕು. ಹಾಗೆ ಇಳಿಯದ ಅಧ್ಯಯನವನ್ನು ನಾವು ನಡುನೀರಿನದು ಎನ್ನುತ್ತೇವೆ. ಅದನ್ನು ಇಳಿಸಿಕೊಳ್ಳುವ ಕೆಲಸದವರು ದಾಟಿಸುವವರು; ನಾನು ಈ ಕುರ್ವೆಯ ದಾಟಿಸುವವಳು. ಕುರ್ವೆ ಎಂದರೆ ಹೊಳೆಯ ನಡುವಿನ ನಡುಗಡ್ಡೆ ಎಂದು ನಿಮಗೆ ಹೇಳಬೇಕಾಗಿಲ್ಲ, ಎರಡು ವರ್ಷ ಇಲ್ಲಿನ ಕೆಸರಿನಲ್ಲಿ ಮೊಣಕಾಲು ಹುಗಿದು ನಿಂತವರು ನೀವು. ಅರ್ಥವಾಗದ ಪದ ಬಂದಲ್ಲೆಲ್ಲ ಅಲ್ಲಲ್ಲೇ ಬಿಡಿಸಿ ಹೇಳುತ್ತಾ ಹೋಗುತ್ತೇನೆ. ನಿಮ್ಮ ವರದಿ ನಮಗೆ ತೋರಿಸದ ಕರುಣೆ ಇದು. ಕೋಪ ಮಾಡಿಕೊಳ್ಳಬೇಡಿ, ನಾನು ಸ್ವಲ್ಪ ಬಾಯಿಬಡುಕಿ.

ಕೇಳುದಿನದಂದು ಪ್ರತಿಯೊಬ್ಬ ದಾಟಿಸುವವರೂ ಹಿಂದಿನ ಕಾಲದ ಒಬ್ಬರಿಗೆ ಒಂದು ಕಾಗದ ಬರೆಯಬೇಕೆಂದು ಪದ್ಧತಿ. ಹಿಂದಕ್ಕೆ ಹೋಗುವ ಅಂಚೆ ನಮ್ಮಲ್ಲೂ ಇಲ್ಲ, ಅಷ್ಟು ಬುದ್ಧಿವಂತರು ನಾವಾಗಿಲ್ಲ. ಯಾರಿಗೆ ಹೇಳಬೇಕಿತ್ತು, ಯಾರು ಕಾಯುತ್ತಿದ್ದರು ಎಂಬುದು ನಮ್ಮ ತಲೆಯಲ್ಲಿ ಉಳಿಯಲಿ ಎಂದು ಬರೆಸುತ್ತಾರೆ. ಈ ವರ್ಷದ ಕಾಗದವನ್ನು ಯಾರಿಗೆ ಬರೆಯಬೇಕೆಂದು ನಾನು ಒಂದು ಗಳಿಗೆಯೂ ಯೋಚಿಸಲಿಲ್ಲ. ಅದೂ ಅಲ್ಲದೆ ಇವತ್ತೇ ನಮ್ಮ ಕುರ್ವೆಯ ಹಣೆಬರಹ ತೀರ್ಮಾನವಾಗುತ್ತದೆ. ಹೊಳೆಬಾಯಿಯ ಉಪ್ಪುನೀರು ಹತ್ತಿ ಇಳಿಯುವ ನಮ್ಮ ಗಜನಿ ಗದ್ದೆಯ ನಡುವೆ ಬೆರಳುಗಂಬ ಎಂಬುದೊಂದಿದೆ, ಬೆರಳಿನಷ್ಟು ಅಗಲದ ಗೆರೆಗಳನ್ನು ಕೊರೆದ ಕಲ್ಲುಕಂಬ. ಕಡಲು ಏರಿದ ಹಾಗೆ ಕುರ್ವೆಯೂ ಏರುತ್ತಿದೆಯೇ ಎಂದು ಅದು ಹೇಳುತ್ತದೆ. ಇವತ್ತಿನ ಇಳಿತದ ಹೊತ್ತಿಗೆ ಮಣ್ಣು ಕಂಬದ ಕೆಂಪು ಗೆರೆಯನ್ನು ಮುಟ್ಟಿರಬೇಕು. ಮುಟ್ಟಿದ್ದರೆ ಊರು ಉಳಿಯುತ್ತದೆ. ಇಲ್ಲದಿದ್ದರೆ ಮುಂದಿನ ವರ್ಷದ ಮಳೆಗೆ ಮೊದಲು ನಲವತ್ತು ಮನೆಯೂ ಕುರ್ವೆ ಬಿಟ್ಟು ಏಳಬೇಕು, ನಮ್ಮದೂ ಸೇರಿ. ನೀರು ಇಳಿಯಲು ಇನ್ನೂ ಹೊತ್ತಿದೆ, ಸುಮ್ಮನೆ ಕೂರಲಾಗುತ್ತಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ.

ನಾವು ಹೇಗಿದ್ದೇವೆಂದು ನಿಮಗೆ ಕುತೂಹಲ ಇರಬಹುದು. ನಿಮ್ಮ ಕಾಲದವರು ನಮ್ಮನ್ನು ಒಂದೋ ಸುಟ್ಟ ನೆಲದ ಮೇಲೆ ಕೂತು ಅಳುವವರೆಂದು, ಇಲ್ಲವೇ ಆಕಾಶದಲ್ಲಿ ಹಾರಾಡುವವರೆಂದು ಕಲ್ಪಿಸಿಕೊಂಡಿದ್ದಿರಂತೆ. ಎರಡೂ ಅಲ್ಲ. ಬೆಳಿಗ್ಗೆ ಬೇಗ ಏಳುತ್ತೇವೆ, ನಸುಕಿಗೇ ಶಾಲೆ ಶುರುವಾಗುತ್ತದೆ, ಬಿಸಿಲು ಏರುವ ಮೊದಲು ಗದ್ದೆ, ಬಲೆ, ಪೇಟೆ ಎಲ್ಲ ಮುಗಿಯಬೇಕು. ಆಮೇಲೆ ಬಿಸಿಲುಬಾಗಿಲು. ಅಂದರೆ ಉರಿಬಿಸಿಲಿನ ಹೊತ್ತಿನಲ್ಲಿ ಮನೆಯ ಬಾಗಿಲು ಹಾಕಿಕೊಂಡು ಒಳಗಿರಬೇಕೆಂಬ ಕಾನೂನು. ಮೊದಮೊದಲು ಜನ ಗೊಣಗಿದರಂತೆ, ಈಗ ಕಾನೂನೇ ಬೇಡ, ಮಧ್ಯಾಹ್ನದ ನಿದ್ದೆ ಬಿಡಿಸಲು ಬಂದರೆ ಜಗಳವೇ ಆಗುತ್ತದೆ. ಮದುವೆಗಳೆಲ್ಲ ಸಂಜೆ ಮೇಲೆ. ಮನೆಗಳು ಕಂಬದ ಮೇಲೆ ನಿಂತಿವೆ, ಕೆಳಗೆ ದೋಣಿ ಕಟ್ಟುತ್ತೇವೆ, ಕೋಳಿ ಸಾಕುತ್ತೇವೆ. ಬಂಗಡೆ ಎಂಬ ಮೀನಿನ ರುಚಿಯನ್ನು ಅಜ್ಜಿಯರ ಬಾಯಲ್ಲಿ ಕೇಳಿದ್ದೇನೆಯೇ ಹೊರತು ತಿಂದಿಲ್ಲ, ಅದು ಉತ್ತರದ ತಣ್ಣನೆ ನೀರಿಗೆ ಹೋಗಿಬಿಟ್ಟಿದೆ. ಕೆಸರಿನಲ್ಲಿ ಹೆಕ್ಕುವ ಚಿಪ್ಪಿನ ಬಳಚು ಇದೆ, ಸಿಗಡಿ ಇದೆ. ಉಪ್ಪುನೀರಿಗೆ ಜಗ್ಗದ ಕಗ್ಗದ ಅಕ್ಕಿ ಇದೆ, ಅದರ ಗಂಜಿಯ ಪರಿಮಳ ನಿಮಗೆ ಮರೆತಿರಲಾರದು. ಮಾವು ಹೂ ಬಿಡುವ ಕಾಲ ಒಂದೊಂದು ವರ್ಷ ಒಂದೊಂದು ಥರ. ಮಳೆಯ ದಿನಗಳು ಕಡಿಮೆಯಾಗಿವೆ, ಸಿಟ್ಟು ಜಾಸ್ತಿಯಾಗಿದೆ. ಒಟ್ಟಿನಲ್ಲಿ ಬದುಕಿದ್ದೇವೆ, ಜಗಳಾಡುತ್ತೇವೆ, ನಗುತ್ತೇವೆ, ಮಕ್ಕಳನ್ನು ಹೆರುತ್ತೇವೆ.

ನಿಮ್ಮ ವಿಷಯ ನಮ್ಮ ಮನೆಯಲ್ಲಿ ಕತೆಯ ಹಾಗೆ ಬಾಯಿಂದ ಬಾಯಿಗೆ ಬಂದಿದೆ. ನೀವು ಸರ್ಕಾರದ ಯೋಜನೆಯೊಂದರಲ್ಲಿ ಹೊಳೆಬಾಯಿಯ ಮಣ್ಣು ನೋಡಲು ಬಂದಿದ್ದಿರಿ. ಉದ್ದನೆಯ ಕೊಳವೆಯನ್ನು ಕೆಸರಿಗೆ ಇಳಿಸಿ, ಎಳೆದು, ಒಳಗಿನ ಮಣ್ಣನ್ನು ಬಾಳೆಹಣ್ಣಿನ ಹಾಗೆ ಸುಲಿದು ನೋಡುತ್ತಿದ್ದಿರಂತೆ. ನಿಮ್ಮನ್ನು ದೋಣಿಯಲ್ಲಿ ಕರೆದೊಯ್ಯುತ್ತಿದ್ದವನು ನನ್ನ ಮುತ್ತಜ್ಜನ ಅಜ್ಜ ದೇವು ಅಂಬಿಗ. ಮಧ್ಯಾಹ್ನ ನಿಮಗೆ ಗಂಜಿ ಬಡಿಸುತ್ತಿದ್ದವಳು ಅವನ ಹೆಂಡತಿ ಸಾತು. ಮಣ್ಣಕ್ಕ ಎಂಬ ಹೆಸರು ಅವಳೇ ಇಟ್ಟದ್ದು. ನೀವು ಅವಳ ಒಣಸಿಗಡಿ ಚಟ್ನಿಯನ್ನು ಎರಡು ಸಲ ಹಾಕಿಸಿಕೊಂಡು ತಿನ್ನುತ್ತಿದ್ದಿರೆಂಬುದು ನಮ್ಮ ಮನೆಯಲ್ಲಿ ಇವತ್ತಿಗೂ ನಿಮ್ಮ ದೊಡ್ಡ ಅರ್ಹತೆ. ಲೆಕ್ಕ ಹಾಕಿದರೆ ನೀವು ನನಗೆ ಅಜ್ಜಿಯ ಅಜ್ಜಿಗಿಂತ ಹಿರಿಯರು, ಆದರೂ ಮನೆಯಲ್ಲಿ ಎಲ್ಲ ತಲೆಮಾರಿಗೂ ನೀವು ಅಕ್ಕನೇ, ವಯಸ್ಸೇ ಆಗಲಿಲ್ಲ ನಿಮಗೆ.

ಕೊನೆಯ ದಿನ ದೋಣಿ ಇಳಿಯುವಾಗ ನೀವು, ಫಲಿತಾಂಶ ಬಂದ ಮೇಲೆ ನಾನೇ ಬಂದು ಹೇಳುತ್ತೇನೆ ಎಂದು ದೇವಜ್ಜನಿಗೆ ಮಾತು ಕೊಟ್ಟಿರಿ. ಅವನು ಅದನ್ನು ನಂಬಿದ. ದಡದಲ್ಲಿ ಜೀಪು ಕಂಡಾಗಲೆಲ್ಲ ಸಾತಜ್ಜಿ ಒಳಗಿನಿಂದ, "ಗಂಜಿಗೆ ಇನ್ನೊಂಚೂರು ನೀರು ಹಾಕೂದಾ ಎಂತ?" ಎಂದು ಕೂಗಿ ಕೇಳುತ್ತಿದ್ದಳಂತೆ. "ಬತ್ತೆ ಅಂದ್ಕಂಡು ಹೋಗಿದಾಳೆ, ಬತ್ತಾಳೆ ತಡಿ" ಎನ್ನುತ್ತಿದ್ದನಂತೆ ಅವನು. ನೀವು ಬರಲಿಲ್ಲ. ಒಂದು ದಿನ ಯಾರೋ ಇಲಾಖೆಯವರು ಬಂದು, ಸಮಾವೇಶದ ಹೆಸರು ಅಚ್ಚಾದ ಬಟ್ಟೆಯ ಚೀಲ ಒಂದನ್ನು ಅವನ ಕೈಗೆ ಕೊಟ್ಟು, ಫೋಟೋ ತೆಗೆಸಿಕೊಂಡು ಹೋದರು. ಪೇಟೆಯ ಹೋಟೆಲಿನಲ್ಲಿ ನಿಮ್ಮ ಅಧ್ಯಯನದ ಬಗ್ಗೆ ಇಡೀ ದಿನ ಇಂಗ್ಲಿಷಿನಲ್ಲಿ ಮಾತಾಡಿದ್ದರು ಎಂದು ಆಗ ಗೊತ್ತಾಯಿತು. ಚೀಲ ಗಟ್ಟಿಯಾಗಿತ್ತು, ಬಹಳ ವರ್ಷ ಅದರಲ್ಲಿ ಒಣಮೀನು ಇಟ್ಟರು.

ನೀವು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ನಿಮ್ಮ ಕಾಲವನ್ನು ನಾವು ಓದಿದ್ದೇವೆ. ಯೋಜನೆ ಮುಗಿದ ದಿನವೇ ಜೀಪೂ ಮುಗಿಯುತ್ತಿತ್ತು. ಕೊಳವೆಗೆ, ಯಂತ್ರಕ್ಕೆ, ಪ್ರಯೋಗಾಲಯಕ್ಕೆ ಮಂಜೂರಾತಿ ಇತ್ತು, ಹೇಳುವುದಕ್ಕೆ ಇರಲಿಲ್ಲ. ದೂರದ ದೇಶದ ಪತ್ರಿಕೆಯಲ್ಲಿ ಅಚ್ಚಾದರೆ ನಿಮಗೆ ಬಡ್ತಿ, ಕುರ್ವೆಯ ಜಗುಲಿಯಲ್ಲಿ ಕೂತು ಹೇಳಿದರೆ ರಜೆ ಕಡಿತ. ಆ ಪತ್ರಿಕೆಯೋ ಬೀಗ ಹಾಕಿಕೊಂಡು ಕೂತಿತ್ತು. ಜನರ ದುಡ್ಡಿನಲ್ಲಿ ಕಂಡುಕೊಂಡದ್ದನ್ನು ಓದಲು ಜನ ಮತ್ತೆ ದುಡ್ಡು ಕೊಡಬೇಕಿತ್ತು. ಕನ್ನಡದಲ್ಲಿ ಒಂದು ಸಾರಾಂಶ ಇರಲೇಬೇಕೆಂಬ ನಿಯಮಕ್ಕೆ ಯಾರಿಂದಲೋ ಒಂದು ಪುಟ ಬರೆಸಿದ್ದರು. ಅದನ್ನು ನಾನು ಓದಿದ್ದೇನೆ. "ಪ್ರವಾಹಾವಧಿಯ ಅವಸಾದ ಸಂಚಯನ ದರದ ಮೇಲೆ ಜಲದ್ವಾರ ನಿರ್ವಹಣೆಯ ಋಣಾತ್ಮಕ ಪರಿಣಾಮ" ಎಂದು ಶುರುವಾಗುತ್ತದೆ. ಅಕ್ಕ, ನನಗೆ ನೂರಾ ನಲವತ್ತು ವರ್ಷ ಹಿಂದಿನ ಕನ್ನಡ ಓದುವ ತರಬೇತಿ ಆಗಿದೆ, ಆದರೂ ಮೂರು ಸಲ ಓದಬೇಕಾಯಿತು.

ಅದರ ಅರ್ಥ ಇಷ್ಟೇ ಇತ್ತು: ಮಳೆಗಾಲದಲ್ಲಿ ಘಟ್ಟದಿಂದ ಕೆಂಪು ನೀರು ಬರುವಾಗ ಗಜನಿ ಗದ್ದೆಯ ಕಟ್ಟೆಬಾಗಿಲನ್ನು ಮುಚ್ಚಬೇಡಿ. ವರ್ಷಕ್ಕೆ ಒಂದೆರಡು ಗದ್ದೆಯನ್ನಾದರೂ ಸರದಿಯ ಮೇಲೆ ಆ ನೀರಿಗೆ ಬಿಟ್ಟುಕೊಡಿ. ಅದು ತರುವ ಮಣ್ಣು ನಿಂತು ಕುರ್ವೆಯನ್ನು ಎತ್ತುತ್ತದೆ, ಕಡಲು ಏರಿದರೂ ನೀವು ಮೇಲೇ ಇರುತ್ತೀರಿ. ದೇವಜ್ಜನಿಗೆ ಇದು ಗೊತ್ತಾಗಲು ಒಂದು ಬಟ್ಟಲು ಗಂಜಿ ಕುಡಿಯುವಷ್ಟು ಹೊತ್ತು ಸಾಕಿತ್ತು.

ಮುಂದೆ ಆದದ್ದನ್ನು ಕೇಳಿ. ಹೊಳೆಬಾಯಲ್ಲಿ ಆಗ ಐದು ಕುರ್ವೆಗಳಿದ್ದವು. ಎಲ್ಲಕ್ಕಿಂತ ಅಚ್ಚುಕಟ್ಟಾದದ್ದು ಮೇಲಿನಕುರ್ವೆ. ಅಲ್ಲಿನ ಕಟ್ಟೆ ಒಂದು ಏಡಿಗೂ ತೂತು ಕೊರೆಯಲು ಬಿಡುತ್ತಿರಲಿಲ್ಲ. ಕೆಂಪು ನೀರಿನ ಸುಳಿವು ಸಿಕ್ಕಿದರೆ ಸಾಕು, ಬಾಗಿಲು ಹಾಕಿ, ಸಂದಿಗೆ ಜೇಡಿ ಮೆತ್ತಿ, ಒಂದು ತೊಟ್ಟು ಕೆಸರನ್ನೂ ಗದ್ದೆಗೆ ಬಿಡದೆ ಕಗ್ಗ ಬೆಳೆಯುತ್ತಿದ್ದರು. ನಮ್ಮ ಕೊಡಿಕುರ್ವೆಗೆ ಅವರು ಇಟ್ಟ ಹೆಸರು ಸೋಮಾರಿಕುರ್ವೆ. ಹೆಸರಿಗೆ ಕಾರಣವೂ ಇತ್ತು. ದೇವಜ್ಜನ ಮಕ್ಕಳಿಬ್ಬರಿಗೆ, ಮುರಿದ ಕಟ್ಟೆಬಾಗಿಲನ್ನು ಯಾರು ಸರಿ ಮಾಡಿಸಬೇಕೆಂದು ಜಗಳ ಹತ್ತಿತು. ನೀ ಮಾಡು, ನಾ ಮಾಡು ಎನ್ನುತ್ತಲೇ ಇಬ್ಬರೂ ಮುದುಕರಾದರು, ಅವರ ಮಕ್ಕಳೂ ಜಗಳವನ್ನು ಆಸ್ತಿಯ ಹಾಗೆ ಹಂಚಿಕೊಂಡರು. ಬಾಗಿಲು ಹಾಗೇ ಬಾಯಿ ತೆರೆದುಕೊಂಡು ನಿಂತಿತು. ಪ್ರತಿ ಮಳೆಗಾಲ ಕೆಂಪು ನೀರು ನುಗ್ಗಿ ಬೆಳೆ ಹಾಳಾಗುತ್ತಿತ್ತು, ನಮ್ಮವರು ಬಳಚು ಹೆಕ್ಕಿ ಹೊಟ್ಟೆ ಹೊರೆಯುತ್ತಿದ್ದರು, ಮೇಲಿನಕುರ್ವೆಯವರು ನಮಗೆ ಹೆಣ್ಣು ಕೊಡುತ್ತಿರಲಿಲ್ಲ.

ಆಮೇಲೆ ಕಡಲು ಏರಿತು. ಮೊದಲು ಮುಳುಗಿದ್ದು ಮೇಲಿನಕುರ್ವೆ. ಅಷ್ಟು ಚೆಂದದ ಊರು, ಅಷ್ಟು ಕಷ್ಟಪಟ್ಟು ದುಡಿಯುವ ಜನ, ಮೂರು ಮಳೆಗಾಲದಲ್ಲಿ ಮನೆ ಕಳಚಿಕೊಂಡು ದಡಕ್ಕೆ ಹೋದರು. ಅದರ ಹಿಂದೆ ಇನ್ನೆರಡು ಕುರ್ವೆಗಳು, ಆಮೇಲೆ ನಾಲ್ಕನೆಯದು. ಸೋಮಾರಿಕುರ್ವೆ ಮಾತ್ರ ಮುಳುಗಲಿಲ್ಲ. ಯಾಕೆಂದು ನಮ್ಮವರಿಗೂ ತಿಳಿಯಲಿಲ್ಲ, ಮುಳುಗಿದವರಿಗೂ ತಿಳಿಯಲಿಲ್ಲ. ಹೇಳಬೇಕಾದವರು ಹೇಳಿರದಿದ್ದಾಗ ಜನ ಏನು ಮಾಡುತ್ತಾರೋ ಅದನ್ನೇ ನಮ್ಮವರೂ ಮಾಡಿದರು. ಮುರಿದ ಬಾಗಿಲಿಗೆ ಅರಿಶಿನ ಕುಂಕುಮ ಹಚ್ಚಿದರು. ಬಾಗಿಲಮ್ಮ ಎಂದು ಹೆಸರಿಟ್ಟರು. ಅವಳೇ ಊರು ಕಾಯುತ್ತಿದ್ದಾಳೆ ಎಂದರು. ಒಂದು ಲೆಕ್ಕದಲ್ಲಿ ಅದು ಸುಳ್ಳೂ ಅಲ್ಲ. ಆದರೆ ದೇವರೆಂದ ಮೇಲೆ ಮುರುಕು ಹಲಗೆಯಲ್ಲಿ ಇಡಬಹುದೇ? ೨೧೦೨ರಲ್ಲಿ ಜೀರ್ಣೋದ್ಧಾರ ಆಯಿತು. ತಲೆಮಾರುಗಳಿಂದ ಜಗಳಾಡುತ್ತಿದ್ದ ಎರಡು ಕವಲಿನವರು ಕೈ ಸೇರಿಸಿದರು, ತೇಗದ ಹಲಗೆ ತರಿಸಿದರು, ಹಿತ್ತಾಳೆಯ ಕಟ್ಟು ಹಾಕಿಸಿದರು. ಒಂದು ಹನಿ ನೀರು ಜಿನುಗದ ಹಾಗೆ ಬಾಗಿಲು ಕೂತಿತು. ಕೆಂಪು ನೀರು ಬಂದ ದಿನ ಮಂಗಳಾರತಿ ಮಾಡಿ ಭಕ್ತಿಯಿಂದ ಮುಚ್ಚಿದರು.

ಮುಂದಿನದನ್ನು ನೀವೇ ಊಹಿಸಬಲ್ಲಿರಿ, ನೀವು ಅದನ್ನು ಮೊದಲೇ ಬರೆದಿಟ್ಟಿದ್ದಿರಿ. ಗದ್ದೆ ತಗ್ಗಿತು. ಬಾವಿಗೆ ಉಪ್ಪು ಬಂತು. ಅಮ್ಮ ಮುನಿದಿದ್ದಾಳೆ ಎಂದು ಬಾಗಿಲನ್ನು ಇನ್ನೂ ದಪ್ಪ ಮಾಡಿದರು, ಇನ್ನೂ ಬೇಗ ಮುಚ್ಚತೊಡಗಿದರು. ನನ್ನ ಅಜ್ಜಿ ಮಂಕಾಳಿ ಆ ಬಾಗಿಲಿನ ಪೂಜೆ ಮಾಡುತ್ತಿದ್ದವಳು. ಅವಳು ಕೆಂಪು ನೀರಿನ ದಿನ ಉಪವಾಸ ಇದ್ದು, ಅಗುಳಿ ಹಾಕಿ, ಬಾಗಿಲಿಗೆ ಹಣೆ ಹಚ್ಚಿ, ಊರು ಉಳಿಸು ತಾಯಿ ಎಂದು ಬೇಡಿಕೊಳ್ಳುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವಳ ಭಕ್ತಿಯಲ್ಲಿ ಒಂದು ಕೂದಲೆಳೆಯಷ್ಟೂ ಕೊರತೆ ಇರಲಿಲ್ಲ.

ನನಗೆ ಏಳು ವರ್ಷ ಆಗಿದ್ದಾಗ ಮರಳಿಕೆ ಕಾನೂನು ಬಂತು. ಎಷ್ಟೋ ಊರುಗಳು ನಮ್ಮ ಹಾಗೇ ಮುಳುಗಿದ, ಬೆಂದ ಮೇಲೆ, ಇದೆಲ್ಲ ಮೊದಲೇ ಗೊತ್ತಿತ್ತಂತೆ ಎಂಬ ಸುದ್ದಿ ಒಂದೊಂದಾಗಿ ಹೊರಬಿದ್ದು, ಜನ ಬೀದಿಗಿಳಿದಿದ್ದರು. ಜನರ ದುಡ್ಡಿನಲ್ಲಿ ತಿಳಿದದ್ದು, ಜನರಿಗೆ ಹೇಳುವ ತನಕ ತಿಳಿದದ್ದೇ ಅಲ್ಲ ಎಂಬುದು ಆ ಕಾನೂನಿನ ಮೊದಲ ಸಾಲು. ಹಳೆಯ ಅಧ್ಯಯನಗಳನ್ನೆಲ್ಲ ಹೊರತೆಗೆದು ಆಯಾ ಊರಿಗೆ ಮರಳಿಸಲು ದಾಟಿಸುವವರನ್ನು ನೇಮಿಸಿದರು. ನಮ್ಮ ಕುರ್ವೆಗೆ ಬಂದವಳು ಭಾರತಿ ಗುನಗಿ ಎಂಬ ಇಪ್ಪತ್ತೆರಡರ ಹುಡುಗಿ. ದೋಣಿಯಲ್ಲಿ ವಾಂತಿ ಮಾಡಿಕೊಂಡು, ಮುಖ ಸಪ್ಪಗೆ ಮಾಡಿಕೊಂಡು ಬಂದಳು. ಬಾಗಿಲಮ್ಮನ ಮುಂದಿನ ಚಪ್ಪರದಲ್ಲಿ ಊರೆಲ್ಲ ಕೂತಿತ್ತು. ಅವಳು ನಿಮ್ಮ ಹೆಸರು ಹೇಳಿದಾಗ, ಮಣ್ಣಕ್ಕ, ಮಣ್ಣಕ್ಕ ಎಂದು ಗುಸುಗುಸು ಎದ್ದಿತು. ಕತೆಯೊಳಗಿನ ಹೆಂಗಸು ಕೊನೆಗೂ ಬಂದಳಲ್ಲ ಎಂದು ನಾನು ಅಮ್ಮನ ಹೆಗಲು ಹತ್ತಿ ನೋಡಿದೆ. ಭಾರತಿ ಹೇಳಿ ಮುಗಿಸಿದ ಮೇಲೆ ಅಜ್ಜಿ ಎದ್ದು ಬಾಗಿಲಿನ ಹತ್ತಿರ ಹೋಗಿ ನಿಂತಳು. ಆಮೇಲೆ ಮೆಲ್ಲಗೆ, "ಇದನ್ನ ನಮ್ಮ ದೇವಜ್ಜಂಗೆ ಯಾರೂ ಯಾಕೆ ಹೇಳ್ಲಿಲ್ಲ?" ಎಂದು ಕೇಳಿದಳು. ಪಾಪದ ಹುಡುಗಿ, ಅತ್ತುಬಿಟ್ಟಳು.

ಊರಿನಲ್ಲಿ ರಂಪವಾಯಿತು. ದೇವರ ಬಾಗಿಲು ಕೀಳುವುದೆಂದರೇನು, ಇಂಗ್ಲಿಷಿನವರ ಮಾತು ಕೇಳಿ ತಾಯಿಗೆ ದ್ರೋಹ ಮಾಡುವುದೇ ಎಂದು ಅರ್ಧ ಊರು. ಅಜ್ಜಿ ಮೂರು ದಿನ ಬಾಗಿಲ ಹತ್ತಿರವೇ ಕೂತಿದ್ದಳು. ನಾಲ್ಕನೆಯ ದಿನ ಸ್ನಾನ ಮಾಡಿ ಬಂದು, ಬಾಗಿಲಿಗೆ ತೊಡಿಸಿದ ಹಸಿರು ಬಳೆಗಳನ್ನು ತಾನೇ ಒಂದೊಂದಾಗಿ ತೆಗೆದು ಮಡಿಲಿಗೆ ಹಾಕಿಕೊಂಡಳು. "ಅಮ್ಮ ಹಲಗೆಯಲ್ಲಿ ಇಲ್ಲ. ಅವಳು ಕೆಂಪು ನೀರಲ್ಲಿ ಬತ್ತಿದ್ಲು, ನಾವೇ ಹೊರಗೆ ನಿಲ್ಸಿ ಅಗುಳಿ ಹಾಕ್ದ್ವಿ" ಎಂದಳು. ಬೇರೆ ಯಾರೇ ಹೇಳಿದ್ದರೂ ಹೊಡೆದಾಟವಾಗುತ್ತಿತ್ತು. ಅವಳು ಹೇಳಿದ್ದಕ್ಕೆ ಊರು ಒಪ್ಪಿತು. ಆ ವರ್ಷ ಬಾಗಿಲು ಕಿತ್ತರು. ಅಂದಿನಿಂದ ಕೆಂಪು ನೀರು ಬಂದ ದಿನ ಬರೀ ಎರಡು ಕಂಬಗಳ ನಡುವೆ ನಿಂತು ಆರತಿ ಎತ್ತಿ ಅವಳನ್ನು ಒಳಗೆ ಕರೆಯುತ್ತೇವೆ. ನಿಮ್ಮ ಅಧ್ಯಯನ ನಮ್ಮಲ್ಲಿ ಇಳಿದದ್ದು ಹೀಗೆ, ಆರತಿಯ ಜೊತೆ. ನಿಮಗೆ ಇದು ವೈಜ್ಞಾನಿಕವಲ್ಲ ಎನ್ನಿಸಿದರೆ, ಬಂದು ನಮ್ಮ ಗದ್ದೆಯ ಮಣ್ಣು ನೋಡಿ.

ನಾನು ದಾಟಿಸುವವಳಾಗಿದ್ದು ಆ ಚಪ್ಪರದ ಕಾರಣಕ್ಕೇ. ಈಗಿನ ಕ್ರಮ ಹೀಗಿದೆ. ದೋಣಿಯ ಖರ್ಚನ್ನು, ಅಂದರೆ ಹೇಳಿ ಬರುವ ಖರ್ಚನ್ನು, ಎಲ್ಲಕ್ಕಿಂತ ಮೊದಲು ಬರೆಯದ ಯೋಜನೆಗೆ ಸಹಿ ಬೀಳುವುದಿಲ್ಲ. ಯಾವ ಅಧ್ಯಯನಕ್ಕೂ ಬೀಗವಿಲ್ಲ. ಸಂಶೋಧಕರು ಶುರುವಿನಲ್ಲೊಮ್ಮೆ ಬಂದು, ನಿಮಗೆ ತಿಳಿಯಬೇಕಾದದ್ದು ಏನು ಎಂದು ಕೇಳಬೇಕು. ಕೊನೆಯಲ್ಲೊಮ್ಮೆ ಬಂದು ತಿಳಿದದ್ದನ್ನು ಹೇಳಬೇಕು. ಆಮೇಲೆ ಮರುಮಾತು. ಕೇಳಿದವರಲ್ಲಿ ಯಾರಾದರೂ ಒಬ್ಬರು ಎದ್ದು, ಕೇಳಿದ್ದನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು. ಅದು ಸರಿಯಿದೆ ಎಂದು ಸಂಶೋಧಕರು ಒಪ್ಪಿದರೆ ಮಾತ್ರ ಅಧ್ಯಯನ ಇಳಿಯಿತು ಎಂದು ನಾನು ಗಂಟೆ ಬಾರಿಸುತ್ತೇನೆ. ಒಂದೇ ಸಲಕ್ಕೆ ಗಂಟೆ ಬಾರಿಸಿದ್ದು ನನಗೆ ನೆನಪಿಲ್ಲ. ಹೋದ ವರ್ಷ ಬಿಸಿಗಾಳಿಯ ಬಗ್ಗೆ ಹೇಳಲು ಬಂದವರೊಬ್ಬರು ಎಂಟು ಸಲ ಹೇಳಬೇಕಾಯಿತು. ನಮ್ಮ ಗಣಪು ಅಣ್ಣ ಪ್ರತಿ ಸಲವೂ ಅದನ್ನು, ಹಾಗಾದರೆ ಮಧ್ಯಾಹ್ನ ಶೇಂದಿ ಕುಡಿಯಬಹುದು ಎಂಬಲ್ಲಿಗೇ ತಂದು ನಿಲ್ಲಿಸುತ್ತಿದ್ದ. ಅವರ ತಾಳ್ಮೆಗೆ ನಾನು ಕೈಮುಗಿದೆ. ಜನರೂ ಸುಲಭದವರಲ್ಲ ಅಕ್ಕ, ಬಾಗಿಲಿಗೆ ಕುಂಕುಮ ಹಚ್ಚಿ ಮುಚ್ಚಿದವರು ನಾವೇ ಅಲ್ಲವೇ. ಹೇಳುವುದೂ ಕಷ್ಟದ ಕೆಲಸ, ಕೇಳುವುದೂ ಕಷ್ಟದ ಕೆಲಸ, ಅದಕ್ಕೇ ಅದಕ್ಕೊಂದು ದಿನ ಬೇಕಾಯಿತು.

ಕೆಳಗಿನಿಂದ ಕರೆಯುತ್ತಿದ್ದಾರೆ. ನೀರು ಇಳಿಯಿತು. ಹೋಗಿ ಬರುತ್ತೇನೆ.

ಬಂದೆ. ಕೈ ತೊಳೆದರೂ ಉಗುರಿನೊಳಗೆ ಮಣ್ಣು ಉಳಿದಿದೆ, ಕಾಗದಕ್ಕೂ ತಾಗಿದೆ, ನಿಮಗೆ ಪರಿಚಯದ ಮಣ್ಣು.

ಒಂದು ಊರಿನ ಕಂಬವನ್ನು ಆ ಊರಿನವರೇ ಅಳೆಯಬಾರದೆಂದು ನಿಯಮ. ನಮ್ಮದನ್ನು ಅಳೆಯುವವರು ಕಾಶಿಮಾಮ, ಮುಳುಗಿದ ಮೇಲಿನಕುರ್ವೆಯ ಮನೆತನದವರು. ಅವರು ಕೆಸರಿನಲ್ಲಿ ಕೂತು, ಕಂಬವನ್ನು ಒರೆಸಿ, ಬೆರಳಿಟ್ಟು ನೋಡಿದರು. ಇನ್ನೊಮ್ಮೆ ಒರೆಸಿ ನೋಡಿದರು. ನಾನು ಪಕ್ಕದಲ್ಲಿ ಬಗ್ಗಿದೆ, ಉಳಿದವರೆಲ್ಲ ದೂರದ ಕಟ್ಟೆಯ ಮೇಲೆ ನಿಂತಿದ್ದರು. ಮಣ್ಣು ಗೆರೆ ಮುಟ್ಟಿರಲಿಲ್ಲ. ಎರಡು ಬೆರಳು ಕಡಿಮೆ ಇತ್ತು. ಕಾಶಿಮಾಮ ನನ್ನ ಮುಖ ನೋಡಲಿಲ್ಲ. "ನೇತ್ರಾ, ನನ್ನ ಕಣ್ಣು ಮೊದ್ಲಿನಂಗೆ ಇಲ್ಲ. ಎರಡು ಬೆರಳು ನಂಗೆ ಕಾಣ್ಲಿಲ್ಲ ಅಂದ್ರೆ ಯಾರೂ ಎಂತದೂ ಹೇಳೂದಿಲ್ಲ" ಎಂದರು. ಕುರ್ವೆ ಕಳೆದುಕೊಂಡವರ ಮನೆಯ ಮನುಷ್ಯ, ಸೋಮಾರಿಕುರ್ವೆ ಉಳಿಯಲಿ ಎಂದು ಸುಳ್ಳು ಹೇಳಲು ಸಿದ್ಧನಾಗಿದ್ದ. ಹೌದು ಎಂದುಬಿಡುವುದು ನಾಲಿಗೆಯ ತುದಿಯವರೆಗೆ ಬಂದಿತ್ತು, ನಿಮ್ಮಲ್ಲಿ ಮುಚ್ಚಿಡಲಾರೆ. ಆದರೆ ಆ ಎರಡು ಬೆರಳಿನ ಮೇಲೆ ಮಕ್ಕಳು ಮಲಗುತ್ತಾರೆ. "ಕಾಶಿಮಾಮ, ಕಂಡದ್ದನ್ನ ಹೇಳೂದೇ ಅಲ್ದಾ ನಮ್ಮ ಕೆಲಸ" ಎಂದೆ. ಅವರು ತಲೆಯಾಡಿಸಿ, ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡು, ನಾನು ಹೇಳುವ ತನಕ ಬಾಯಿ ಬಿಡುವುದಿಲ್ಲವೆಂದು ದೋಣಿಯಲ್ಲಿ ಹೋಗಿ ಕೂತರು.

ಎರಡು ಬೆರಳು, ಅಕ್ಕ. ಬಾಗಿಲು ತೆರೆದ ಮೇಲೆ ನಮ್ಮ ಗದ್ದೆ ಒಳ್ಳೆಯ ಮಳೆಯ ವರ್ಷದಲ್ಲಿ ಒಂದು ಬೆರಳು ಏರುತ್ತದೆ. ಭಕ್ತಿಯಿಂದ ಬಾಗಿಲು ಮುಚ್ಚಿಟ್ಟ ವರ್ಷಗಳು ಮೂವತ್ತೇಳು. ಅದರಲ್ಲಿ ಎರಡೇ ಎರಡು ಮಳೆಗಾಲ ನಮಗೆ ವಾಪಸು ಸಿಕ್ಕಿದ್ದರೆ ಸಾಕಿತ್ತು. ಇದನ್ನು ಬರೆಯುವಾಗ ನನಗೆ ನಿಮ್ಮ ಮೇಲೆ ಸಿಟ್ಟು ಬರುತ್ತಿದೆ, ಬಹಳ ಬರುತ್ತಿದೆ. ಮರುಗಳಿಗೆಯೇ, ಸಾತಜ್ಜಿಯ ಜಗುಲಿಯಲ್ಲಿ ಕೂತು ಎರಡನೇ ಸಲ ಚಟ್ನಿ ಕೇಳುವ ಹೆಂಗಸೊಬ್ಬಳು ಕಣ್ಣಿಗೆ ಕಟ್ಟುತ್ತಾಳೆ. ಆಗ ಸಿಟ್ಟು ಇಳಿದು ಬರೀ ದುಃಖ ಉಳಿಯುತ್ತದೆ.

ಕಟ್ಟೆಯ ಮೇಲೆ ನಲವತ್ತು ಮನೆಯವರೂ ನಿಂತಿದ್ದಾರೆ, ಕಿಟಕಿಯಿಂದ ಕಾಣುತ್ತಿದೆ. ಮುಂದಿನ ತಿಂಗಳು ಹೆರಿಗೆಯಾಗಬೇಕಾದ ನನ್ನ ತಂಗಿ ಇದ್ದಾಳೆ, ನೆರಳಿಗೆ ಬಾ ಎಂದರೂ ಬರುತ್ತಿಲ್ಲ. ಗಣಪು ಅಣ್ಣ ಯಾವುದೋ ಕುಶಾಲು ಹೇಳಿ ಎಲ್ಲರನ್ನೂ ನಗಿಸುತ್ತಿದ್ದಾನೆ. ಅವರಿಗಿನ್ನೂ ಗೊತ್ತಿಲ್ಲ. ನಾನು ಹೋಗಿ ಹೇಳಬೇಕು, ಅರ್ಥವಾಗುವ ಹಾಗೆ ಹೇಳಬೇಕು, ಅವರಲ್ಲೊಬ್ಬರು ಅದನ್ನು ತಿರುಗಿ ಹೇಳುವ ತನಕ ಅಲ್ಲೇ ನಿಲ್ಲಬೇಕು. ಅದನ್ನು ಮುಂದೂಡುತ್ತಾ ಇಲ್ಲೇ ಕೂತು ಬರೆಯುತ್ತಿದ್ದೇನೆ. ನೀವು ಯಾಕೆ ಬರಲಿಲ್ಲ ಎಂಬುದಕ್ಕೆ ಜೀಪು, ರಜೆ, ಬಡ್ತಿ ಎಂದೆಲ್ಲ ಆಗ ಬರೆದೆನಲ್ಲ, ಇನ್ನೊಂದು ಕಾರಣವೂ ಇದ್ದಿರಬಹುದೆಂದು ಈಗ ಹೊಳೆಯುತ್ತಿದೆ. ನಿಮಗೂ ಭಯವಾಗಿರಬೇಕು. ಗಂಜಿ ಹಾಕಿದವರ ಮುಂದೆ ನಿಂತು, ನಿಮ್ಮ ಊರು ಮುಳುಗುತ್ತದೆ, ನೀವು ಚೆಂದ ಕಾಯುವ ಬಾಗಿಲೇ ಅದನ್ನು ಮುಳುಗಿಸುತ್ತದೆ ಎಂದು ಹೇಳುವುದು ಯಾರಿಗೆ ಸುಲಭ?

ಆದರೂ ಕೇಳಿಕೊಳ್ಳುತ್ತೇನೆ. ನಿಮ್ಮ ಕಾಲದಲ್ಲಿ ಇನ್ನೂ ಐದೂ ಕುರ್ವೆಗಳಿವೆ. ಆ ವರ್ಷದ ಕೆಂಪು ನೀರು ಇನ್ನೂ ಘಟ್ಟ ಇಳಿದಿಲ್ಲ. ದೇವಜ್ಜ ದೋಣಿ ಕಟ್ಟಿಕೊಂಡು ದಡದ ಕಡೆಗೇ ನೋಡುತ್ತಿರುತ್ತಾನೆ, ಸಾತಜ್ಜಿ ಗಂಜಿಗೆ ನೀರು ಹಾಕಬೇಕೋ ಬೇಡವೋ ಎಂದು ಕೇಳುತ್ತಿರುತ್ತಾಳೆ. ಯಾರ ಅಪ್ಪಣೆಗೂ ಕಾಯಬೇಡಿ, ಜೀಪು ಇಲ್ಲದಿದ್ದರೆ ಬಸ್ಸಿಗೆ ಬನ್ನಿ. ಬಾಗಿಲು ತೆರೆದಿಡಿ ಎಂಬ ಒಂದು ಮಾತು ಹೇಳಿ, ಅವನ ಬಾಯಿಂದ ಅದನ್ನು ತಿರುಗಿ ಕೇಳಿಸಿಕೊಂಡು ಹೋಗಿ.

ನಾನು ಹೊರಟೆ ಅಕ್ಕ. ನೀವೂ ಹೊರಡಿ.

ನಿಮ್ಮ ಮನೆಯವಳೇ ಆದ,
ನೇತ್ರಾವತಿ